125 ಗ್ರಾಂ ಬ್ರೆಡ್ಡಿನೊಳಗೆ

1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಮುತ್ತಿಗೆಗೆ ಸಿಕ್ಕ ಸೋವಿಯತ್ ನಗರ ಲೆನಿನ್‌ಗ್ರಾಡ್‌ನಲ್ಲಿ ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ ಬ್ರೆಡ್ಡು. ಮಕ್ಕಳಿಗೆ, ಕಚೇರಿ ನೌಕರರಿಗೆ 125. ಈ ಅಂಕಿ ಬಹಳ ಜನಕ್ಕೆ ಗೊತ್ತು. ಆದರೆ ಹಸಿವನ್ನ ಬರೀ ಗ್ರಾಂ ಲೆಕ್ಕದಲ್ಲಿ ಅಳೆಯೋಕಾಗಲ್ಲ ಅನ್ಸುತ್ತೆ, ಆ ಬ್ರೆಡ್ಡನ್ನ ಹೇಗೆ ಮಾಡ್ತಿದ್ರು ಅಂತ ನೋಡಿದಾಗ.

ಮುಖ್ಯವಾಗಿ ರೈ ಅನ್ನೋ, ಗೋಧಿಯಂಥ ಧಾನ್ಯದ ಹಿಟ್ಟು. ಜೊತೆಗೆ ಓಟ್ಸ್, ಮಾಲ್ಟ್, ಮರದಿಂದ ತೆಗೆದ ಸೆಲ್ಯುಲೋಸ್ ಅನ್ನೋ ನಾರು, ಖಾಲಿ ಚೀಲ ಕೊಡವಿದ ಹಿಟ್ಟಿನ ಧೂಳು, ಹತ್ತಿಬೀಜದ ಹಿಂಡಿ. ಹೌದು, ನಮ್ಮಲ್ಲಿ ದನಕ್ಕೆ ಇಡೋ ಅದೇ ಹಿಂಡಿ. ಅದರಲ್ಲಿ ಗಾಸಿಪಾಲ್ ಅನ್ನೋ ವಿಷ ಇರುತ್ತೆ, ಚೆನ್ನಾಗಿ ಬಿಸಿ ತಾಗಿದರಷ್ಟೇ ಅದರ ಅಪಾಯ ತಗ್ಗೋದು.

ರೈ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಸೆಲ್ಯುಲೋಸ್ ಸೇರಿದರೆ ಹುದುಗಿನ ಗಾಳಿ ಒಳಗೆ ನಿಲ್ಲೋದೇ ಇಲ್ಲ. ಕಲಸಿದ್ದು ಉಂಡೆಯಾಗಿ ನಿಲ್ಲದಷ್ಟು ಸಡಿಲ, ಹಾಗಾಗಿ ತಗಡಿನ ಅಚ್ಚು ಬೇಕೇ ಬೇಕು. ಅಚ್ಚಿಗೆ ಸವರೋಕೂ ಎಣ್ಣೆ ಸಾಲದೆ, ಎಣ್ಣೆಗೆ ನೀರು ಬೆರೆಸಿ ಕದಡಿದ ಎಮಲ್ಷನ್. ಬೆಂದ ಮೇಲೂ ಒಳಗೆ ಹಸಿಹಸಿ, ಅಂಟಂಟು. ನೀರೇ ತೂಕ ತುಂಬಿಸಿದಾಗ 125 ಗ್ರಾಂನಲ್ಲಿ ಹಿಟ್ಟು ಎಷ್ಟು ಉಳಿದೀತು? ಸೆಲ್ಯುಲೋಸ್ ಅಂತೂ ಮನುಷ್ಯರಿಗೆ ಅರಗಲ್ಲ. ಹೊಟ್ಟೆಗೆ ಭಾರ ಅಷ್ಟೇ, ಮೈಗೆ ಶಕ್ತಿ ಇಲ್ಲ.

ವಿಟಮಿನ್ 'ಸಿ' ಕೊರತೆಯಿಂದ ಬರೋ ಸ್ಕರ್ವಿ ಕಾಯಿಲೆ ತಡೆಯೋಕೆ ಪೈನ್ ಸೂಜಿ ಎಲೆಗಳನ್ನ ಜಜ್ಜಿ ನೆನೆಸಿ, ಸೋಸಿದ ಕಹಿ ನೀರನ್ನ ಕುಡೀತಿದ್ರು, ಅದರಲ್ಲಿರೋ ಆ ವಿಟಮಿನ್‌ಗೋಸ್ಕರ.