ಯಾವ ರೈಲು?

ನಮ್ಮ ಕಾಲೇಜಿನ ಹಿಂದೆ ರೈಲು ಹಳಿ ಇರುವುದು ಈಗಿನ ಮಕ್ಕಳಿಗೂ ಗೊತ್ತು. ಈಗ ಓಡುವುದು ಎಲೆಕ್ಟ್ರಿಕ್ ಎಂಜಿನ್, ಸದ್ದು ಕಡಿಮೆ. 1997ರಲ್ಲಿ ಡೀಸೆಲ್ ಎಂಜಿನ್ನಿನ ಗೂಡ್ಸ್ ಹೋದರೆ ಫಿಸಿಕ್ಸ್ ಲ್ಯಾಬಿನ ಕಿಟಕಿ ಗಾಜೆಲ್ಲ ಗಡಗಡ ಅನ್ನುತ್ತಿತ್ತು. ಮೇಷ್ಟ್ರು ಪಾಠ ಅರ್ಧಕ್ಕೇ ನಿಲ್ಲಿಸಿ, ಚಾಕ್‌ಪೀಸ್ ಹಿಡಿದ ಕೈ ಹಾಗೇ ಇಟ್ಟುಕೊಂಡು, ಕೊನೆಯ ಬೋಗಿ ದಾಟುವ ತನಕ ಸುಮ್ನೆ ನಿಂತಿರುತ್ತಿದ್ದರು. ನಾವು ಬೋಗಿ ಎಣಿಸುತ್ತಿದ್ದೆವು.

ಕಾಲೇಜಿನ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಗೂಡ್ಸ್ ರೈಲು. ಕಾಲೇಜ್ ಡೇ, ಸ್ಟ್ರೈಕು, ಟೂರು ಇವನ್ನೆಲ್ಲ ನನ್ನ ಜೊತೆಯವರು ಬರೆದೇ ಬರೆಯುತ್ತಾರೆ.

ಫಿಸಿಕ್ಸ್ ಮೇಷ್ಟ್ರಿಗೆ ರಷ್ಯಾ ಅಂದರೆ ಒಂದು ಥರದ ಅಕ್ಕರೆ. ಅವರು ಓದುವಾಗ ಮಾಸ್ಕೋದ ಮೀರ್ ಪ್ರಕಾಶನದ ಪುಸ್ತಕಗಳು ಊಟದ ದುಡ್ಡಿಗಿಂತ ಕಡಿಮೆಗೆ ಸಿಗುತ್ತಿದ್ದವಂತೆ. ಒಂದು ಶನಿವಾರ ಬೆಂಗಳೂರಿನ ಸ್ನೇಹಿತರಿಂದ ಎರಡು ವಿಡಿಯೋ ಕ್ಯಾಸೆಟ್ ತಂದು, ‘ಸೋವಿಯತ್ ಸೈನ್ಸ್ ಫಿಕ್ಷನ್, ಇಷ್ಟ ಇದ್ದವರು ಲ್ಯಾಬಿಗೆ ಬನ್ನಿ’ ಎಂದು ಬೋರ್ಡಿನ ಮೇಲೆ ಬರೆದರು. ರಾಕೆಟ್ಟು, ರೋಬೋಟು ಎಂದುಕೊಂಡು ಸುಮಾರು ಮೂವತ್ತು ಜನ ಹೋದೆವು. ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿಯ ‘ಸ್ಟಾಕರ್’, 1979ರದ್ದು. ಎರಡೂ ಮುಕ್ಕಾಲು ಗಂಟೆಯ ಹತ್ತಿರ ಹತ್ತಿರ. ರಾಕೆಟ್ಟೂ ಇಲ್ಲ, ರೋಬೋಟೂ ಇಲ್ಲ. ಮೂರು ಜನ ಗಂಡಸರು ಹುಲ್ಲಲ್ಲಿ ಒದ್ದೆಯಾಗಿ ನಡೆಯುತ್ತಾರೆ, ಮಲಗುತ್ತಾರೆ, ಜಗಳ ಆಡುತ್ತಾರೆ. ಮೊದಲ ಭಾಗ ಮುಗಿದು ಊಟಕ್ಕೆ ಬಿಟ್ಟಾಗ ಮೂವತ್ತರಲ್ಲಿ ವಾಪಸು ಬಂದದ್ದು ಹನ್ನೊಂದು. ಮೇಷ್ಟ್ರು, ಕನ್ನಡ ಮೇಡಂ ಸೇರಿದರೆ ಹದಿಮೂರು.

ನೋಡದವರಿಗೆ ಕತೆ ಇಷ್ಟು. ಆಕಾಶದಿಂದ ಏನೋ ಬಿದ್ದು ಹೋದ ಒಂದು ಜಾಗ ಇದೆ. ಅದಕ್ಕೆ ‘ವಲಯ’ ಎಂದು ಹೆಸರು. ಸುತ್ತ ಮುಳ್ಳುತಂತಿ, ಪೊಲೀಸ್ ಕಾವಲು. ಒಳಗೆ ಎಲ್ಲೋ ಒಂದು ಕೋಣೆ. ಆ ಕೋಣೆಗೆ ಹೋದವರ ಮನಸ್ಸಿನ ಆಳದ ಆಸೆ ಈಡೇರುತ್ತದೆ. ಕದ್ದುಮುಚ್ಚಿ ಅಲ್ಲಿಗೆ ಕರೆದುಕೊಂಡು ಹೋಗುವವನೇ ಸ್ಟಾಕರ್. ಅವನ ಹಿಂದೆ ಒಬ್ಬ ಲೇಖಕ, ಒಬ್ಬ ಪ್ರೊಫೆಸರ್. ಕೋಣೆಯ ಹೊಸಿಲ ತನಕ ಹೋಗಿ, ಮೂವರಲ್ಲಿ ಒಬ್ಬರೂ ಒಳಗೆ ಕಾಲಿಡದೆ ವಾಪಸು ಬರುತ್ತಾರೆ. ಚೆರ್ನೋಬಿಲ್ ನೋಡಿ ಈ ಸಿನಿಮಾ ಮಾಡಿದ್ದಾರೆ ಎಂದು ನಮ್ಮ ಬೆಂಚಿನಲ್ಲಿ ಒಬ್ಬ ಖಡಾಖಂಡಿತವಾಗಿ ಹೇಳಿದ. ಚೆರ್ನೋಬಿಲ್ ಅಣುಸ್ಥಾವರದ ಸ್ಫೋಟ ಆದದ್ದು 1986ರಲ್ಲಿ, ಸಿನಿಮಾ ಬಂದು ಏಳು ವರ್ಷ ಆದ ಮೇಲೆ. ಅಲ್ಲಿಯ ನಿಷೇಧಿತ ಪ್ರದೇಶಕ್ಕೆ ಕದ್ದು ನುಗ್ಗುವವರಿಗೇ ಆಮೇಲೆ ಈ ಸಿನಿಮಾದ ಹೆಸರು ಅಂಟಿಕೊಂಡಿತು.

ಈಗ ಕೊನೆಯ ದೃಶ್ಯ. ಸ್ಟಾಕರ್‌ಗೆ ನಡೆಯಲಾಗದ ಒಬ್ಬಳು ಮಗಳು. ತಲೆಗೆ ಬಟ್ಟೆ ಕಟ್ಟಿಕೊಂಡು ಮೇಜಿನ ಹತ್ತಿರ ಪುಸ್ತಕ ಓದುತ್ತಾ ಕೂತಿರುತ್ತಾಳೆ. ಬೂರುಗದ ಹತ್ತಿಯಂಥ ಬಿಳಿ ಎಳೆಗಳು ಗಾಳಿಯಲ್ಲಿ ತೇಲುತ್ತವೆ. ಪುಸ್ತಕ ಇಳಿಸುತ್ತಾಳೆ. ಅವಳ ದನಿಯಲ್ಲಿ ರಷ್ಯನ್ ಕವಿ ತ್ಯೂತ್ಚೆವ್‌ನ ಒಂದು ಪದ್ಯ ಕೇಳಿಸುತ್ತದೆ, ತುಟಿ ಮಾತ್ರ ಅಲ್ಲಾಡುವುದಿಲ್ಲ. ಮೇಜಿನ ಮೇಲೆ ಟೀಯಂಥದ್ದು ಇರುವ ಲೋಟ, ಒಂದು ಜಾಡಿ, ಒಂದು ಉದ್ದನೆಯ ಲೋಟ. ಅವಳು ತಲೆ ತಿರುಗಿಸಿ ನೋಡುತ್ತಾಳೆ. ಟೀ ಲೋಟ ತಾನಾಗೇ ಮೆಲ್ಲಗೆ ಜರುಗುತ್ತದೆ. ನಾಯಿ ಕುಂಯ್‌ಗುಡುತ್ತದೆ. ಆಮೇಲೆ ಜಾಡಿ ಜರುಗುತ್ತದೆ. ಆಮೇಲೆ ಆ ಉದ್ದ ಲೋಟ ಅಂಚಿನ ತನಕ ಬಂದು ಕೆಳಗೆ ಬೀಳುತ್ತದೆ. ಹುಡುಗಿ ಕೆನ್ನೆಯನ್ನು ಮೇಜಿಗೆ ಒರಗಿಸಿದ್ದಾಳೆ. ರೈಲು ಬರುತ್ತದೆ, ಮನೆ ನಡುಗುತ್ತದೆ, ಆ ಸದ್ದಿನ ನಡುವೆ ಬೇಥೋವನ್ನನ ಒಂಬತ್ತನೇ ಸಿಂಫನಿಯ ಹಾಡು. ಮುಗಿಯಿತು.

ಆದರೆ ಆ ದಿನ ನಮಗೆ ಇದು ಇಷ್ಟು ಸರಿಯಾಗಿ ಕಾಣಲಿಲ್ಲ. ಟೀ ಲೋಟ ಜರುಗುವ ಹೊತ್ತಿಗೇ ನಮ್ಮ ಗೂಡ್ಸ್ ಬಂತು! ಕಿಟಕಿ ಗಡಗಡ, ಟಿವಿ ಇಟ್ಟಿದ್ದ ಸ್ಟೂಲು ಗಡಗಡ. ಸಿನಿಮಾ ಮುಗಿದಾಗ ಹದಿಮೂರು ಜನಕ್ಕೂ ಒಂದೇ ಗೊಂದಲ. ಲೋಟ ಅಲ್ಲಾಡಿದಾಗ ಕೇಳಿಸಿದ್ದು ಯಾವ ರೈಲು? ಅವರದ್ದೋ ನಮ್ಮದೋ?

ಮೇಷ್ಟ್ರು ಕೂಡಲೇ ತೀರ್ಪು ಕೊಟ್ಟರು. ‘ಸಿನಿಮಾ ಶುರುವಿನಲ್ಲಿ ನೋಡಿದ್ರಲ್ಲ. ಮಂಚದ ಪಕ್ಕ ನೀರಿನ ಲೋಟ. ರೈಲು ಹೋದಾಗ ಅದೂ ಜರುಗುತ್ತೆ. ಅದೇ ಮನೆ, ಅದೇ ರೈಲು. ಮೇಜು ಅದುರಿದರೆ ಲೋಟದ ಹಿಡಿತ ಕ್ಷಣಕ್ಷಣಕ್ಕೂ ಸಡಿಲ ಆಗುತ್ತೆ. ಚೂರು ಇಳಿಜಾರು ಇದ್ದರೆ ಸಾಕು.’ ಮೇಡಂ ಒಪ್ಪಲಿಲ್ಲ. ‘ಹಾಗಾದ್ರೆ ಒಂದಾದ ಮೇಲೆ ಒಂದು ಯಾಕೆ ಜರುಗಬೇಕು ಸರ್? ರೈಲಿಗೆ ಸರದಿ ಗೊತ್ತಾ?’ ಹಾಸ್ಟೆಲ್ಲಿನ ಹುಡುಗ ಒಬ್ಬ ತನ್ನದೂ ಸೇರಿಸಿದ. ಮೆಸ್ಸಿನಲ್ಲಿ ಬಿಸಿ ಲೋಟವನ್ನು ಒದ್ದೆ ಕಲ್ಲಿನ ಮೇಲೆ ಇಟ್ಟರೆ ಅಡಿಯ ಗಾಳಿ ಕಾದು ಹಿಗ್ಗಿ ಅದೂ ತಾನಾಗೇ ಜಾರುತ್ತೆ, ಅದಕ್ಕೆ ರೈಲೂ ಬೇಡ ಪವಾಡವೂ ಬೇಡ ಎಂದ.

ಕ್ಯಾಸೆಟ್ ಹಿಂದಕ್ಕೆ ಸುತ್ತಿ ನಾಲ್ಕು ಸಲ ನೋಡಿದೆವು. ಗೂಡ್ಸ್ ಹೋಗಿಯಾಗಿತ್ತು. ಆಗ ಗೊತ್ತಾಯಿತು, ಟೀ ಲೋಟ ಹೊರಡುವಾಗ ಸಿನಿಮಾದೊಳಗೆ ರೈಲಿನ ಅಬ್ಬರ ಇಲ್ಲ. ಅದು ಬರುವುದು ಎಲ್ಲ ಮುಗಿದ ಮೇಲೆ. ಅಬ್ಬರ ಬಂದಾಗ ಮೇಜಿನ ಮೇಲೆ ಉಳಿದ ಲೋಟ ಅದುರುತ್ತದೆಯೇ ಹೊರತು ಮೊದಲಿನ ಹಾಗೆ ಪಯಣ ಹೊರಡುವುದಿಲ್ಲ.

ಮೇಷ್ಟ್ರು ಸೋಲು ಒಪ್ಪುವವರಲ್ಲ. ಮಂಗಳವಾರ ಕ್ಯಾಂಟೀನಿನಿಂದ ಮೂರು ಟೀ ಲೋಟ ತರಿಸಿದರು. ಒಂದು ತುಂಬಾ, ಒಂದು ಅರ್ಧ, ಒಂದು ಖಾಲಿ. ಲ್ಯಾಬಿನ ಮೇಜಿನ ಮೇಲಿಟ್ಟು ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ಸ್ಪಿರಿಟ್ ಲೆವೆಲ್ ಇಟ್ಟು ಇಳಿಜಾರು ನೋಡಿದರು. ಆವತ್ತು ಗೂಡ್ಸ್ ಐವತ್ತು ನಿಮಿಷ ಲೇಟು. ಟೀ ಮೇಲೆ ಕೆನೆ ಕಟ್ಟಿತು. ನೊಣ ಬಂತು. ಕ್ಯಾಂಟೀನಿನವರು ಲೋಟ ಕೇಳಿಕೊಂಡು ಎರಡು ಸಲ ಆಳು ಕಳಿಸಿದರು. ಕೊನೆಗೆ ರೈಲು ಬಂತು, ಹೋಯಿತು. ತುಂಬಿದ್ದು, ಅರ್ಧದ್ದು ಎರಡೂ ಕದಲಲಿಲ್ಲ. ಖಾಲಿ ಲೋಟ ಗೆರೆ ದಾಟಿ ಎರಡು ಮಿಲಿಮೀಟರ್ ಬಂದಿತ್ತು. ಅಂಚಿಗೆ ನಲವತ್ತು ಸೆಂಟಿಮೀಟರ್. ಮೇಷ್ಟ್ರು ಬೋರ್ಡಿನ ಮೇಲೆ ಭಾಗಾಕಾರ ಮಾಡಿ, ‘ಬೀಳೋದಕ್ಕೆ ಇನ್ನೂರು ರೈಲು ಬೇಕು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ಬಾಗಿಲಲ್ಲಿ ನಿಂತಿದ್ದ ಮೇಡಂ ನಗುತ್ತಾ ಹೋದರು.

ನಾನು ಆಮೇಲೆ ಆ ಸಿನಿಮಾ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅದನ್ನು ತಯಾರಿಸಿದ ಮಾಸ್‌ಫಿಲ್ಮ್ ಸ್ಟುಡಿಯೋದವರು ಯೂಟ್ಯೂಬಿಗೇ ಹಾಕಿದ್ದಾರೆ. ಸ್ಟ್ರುಗಾಟ್‌ಸ್ಕಿ ಸಹೋದರರ ಮೂಲ ಕಾದಂಬರಿಯನ್ನೂ ಓದಿದೆ. ಅಲ್ಲಿ ಸ್ಟಾಕರ್‌ನ ಮಗಳ ಮೈಮೇಲೆ ರೋಮ ಬೆಳೆದು, ಅವಳು ಬರಬರುತ್ತಾ ಮನುಷ್ಯರಿಂದಲೇ ದೂರ ಆಗುತ್ತಾಳೆ. ಸಿನಿಮಾದಲ್ಲಿ ಅದೆಲ್ಲ ತೆಗೆದು, ಸುಮ್ಮನೆ ನಡೆಯಲಾಗದ ಹುಡುಗಿ ಮಾಡಿದ್ದಾರೆ.

ಒಳ್ಳೆಯ ಪ್ರತಿ ನೋಡಿದಾಗ ನನಗೆ ನಾಚಿಕೆಯೇ ಆಯಿತು. ನಮ್ಮ ಲ್ಯಾಬಿನ ಟಿವಿಯಲ್ಲಿ ಎಲ್ಲವೂ ಒಂದೇ ಮಬ್ಬು. ನಿಜಕ್ಕೂ ಊರು, ಮನೆ, ಹೋಟೆಲು ಇವೆಲ್ಲ ಹಳೇ ಫೋಟೋದಂಥ ಕಂದು ಬಣ್ಣದಲ್ಲಿವೆ. ವಲಯದೊಳಗೆ ಹೋದರೆ ಹಸಿರು, ಪೂರ್ತಿ ಬಣ್ಣ. ವಾಪಸು ಬಂದರೆ ಮತ್ತೆ ಕಂದು. ಆದರೆ ಅಪ್ಪ ಮಗಳನ್ನು ಹೆಗಲ ಮೇಲೆ ಹೊತ್ತು ನಡೆಯುವಾಗ ಬಣ್ಣ ಬರುತ್ತದೆ. ಕೊನೆಯ ಆ ಮೇಜಿನ ದೃಶ್ಯವೂ ಬಣ್ಣದ್ದು. ಅಂದರೆ ವಲಯದ ಬಣ್ಣ ಅವಳಿರುವ ಕಡೆ ಮನೆಯೊಳಗೇ ಬಂದಿದೆ, ಅಲ್ವಾ?

ಅದಕ್ಕೂ ಸ್ವಲ್ಪ ಮುಂಚೆ ಅವಳ ಅಪ್ಪ ನೆಲದ ಮೇಲೆ ಬಿದ್ದು ಅಳುತ್ತಾನೆ. ಯಾರಿಗೂ ನಂಬಿಕೆ ಇಲ್ಲ, ಇನ್ನು ಯಾರನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ ಎಂದು. ಹೆಂಡತಿ ಅವನನ್ನು ಎಬ್ಬಿಸಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸುತ್ತಾಳೆ. ಪವಾಡ ಹುಡುಕಿಕೊಂಡು ಜೈಲಿಗೂ ಹೋಗಿ ಬಂದವನು ಅವನು. ಅದು ಅವನ ಮನೆಯ ಮೇಜಿನ ಮೇಲೇ ನಡೆಯುವಾಗ ಅವನು ಅಲ್ಲಿಲ್ಲ. ಅಮ್ಮನೂ ಇಲ್ಲ. ನೋಡಿದ್ದು ನಾವು, ಮತ್ತು ಆ ನಾಯಿ. ನಾಯಿ ವಲಯದಿಂದ ಅವರ ಹಿಂದೆ ಬಂದದ್ದು, ಅದಕ್ಕೆ ಗೊತ್ತಾಗಿರಬೇಕು. ನಮಗೆ ಮಾತ್ರ ತಾರ್ಕೋವ್‌ಸ್ಕಿ ಒಂದು ರೈಲು ಕೊಟ್ಟಿದ್ದಾನೆ. ನಂಬಲು ಕಷ್ಟ ಆದವರು ಹತ್ತಿ ಹೋಗಲಿ ಅಂತ. ನಮ್ಮ ಮೇಷ್ಟ್ರು ಹತ್ತಿದರು, ಟಿಕೆಟ್ ತಗೊಂಡೇ ಹತ್ತಿದರು.

ಹೋದ ತಿಂಗಳು ಮೇಷ್ಟ್ರಿಗೆ ಫೋನ್ ಮಾಡಿ ಈ ಬಣ್ಣದ ವಿಷಯ ಹೇಳಿದೆ. ರಿಟೈರಾಗಿ ಬಹಳ ವರ್ಷ ಆಯಿತು, ಕಣ್ಣಿನ ಪೊರೆ ತೆಗೆಸಿದ್ದಾರೆ. ಪೂರ್ತಿ ಕೇಳಿಸಿಕೊಂಡರು. ‘ಇನ್ನೂರು ರೈಲು’ ಎಂದು ನೆನಪು ಮಾಡಿದರೆ ನಕ್ಕರು. ಆಮೇಲೆ ಕೇಳಿದರು.

‘ರೈಲು ಬಂದಾಗ ಆ ಮಗು ತಲೆ ಮೇಜಿನ ಮೇಲಿತ್ತು ಅಂದೆಯಲ್ಲ. ತಲೆನೂ ಅದುರುತ್ತಾ?’

‘ಹೂಂ ಸರ್. ಅದುರುತ್ತೆ.’

‘ನಾವು ಬರೀ ಲೋಟಾನೇ ನೋಡ್ತಾ ಕೂತ್ವಲ್ಲಮ್ಮ,’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅದರ ಲಿಂಕ್ ಕಳಿಸು. ಮೊಮ್ಮಗನಿಗೆ ಟಿವಿಗೆ ಹಾಕಿಕೊಡೋಕೆ ಬರುತ್ತೆ.’