ಬೆಂಡಿನ ಎತ್ತರ ಬದಲಿಸಿದ ಮೇಲೆ: ಕೆರೆ ಗಾಳದ ಐದು ತಿಂಗಳು

ಫೆಬ್ರುವರಿ, ಎರಡನೇ ಭಾನುವಾರ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಬಂದು ನಿಲ್ಲುವ ನಮ್ಮೂರ ಕೆರೆಯಲ್ಲಿ ಈ ಬೇಸಿಗೆಯಾದರೂ ಗಾಳ ಹಾಕುವುದನ್ನು ನೆಟ್ಟಗೆ ಕಲಿಯಬೇಕು ಅಂತ ಹೊರಟಿದ್ದೇನೆ. ಕೆರೆ ಗುತ್ತಿಗೆ ಹಿಡಿದವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದೆ. ಮರಿ ಬಿಟ್ಟು ಸಾಕಿದವರು ಅವರು, ಕೇಳದೆ ಕೋಲು ಹಾಕುವುದು ತಪ್ಪು. ಅವರು ಬಿಟ್ಟಿರುವುದು ಕಾಟ್ಲಾ, ರೋಹು, ಮೃಗಾಲ್, ಗೆಂಡೆ (ಕಾಮನ್ ಕಾರ್ಪ್) ಮೀನು. ಯಾರೂ ಬಿಡದೆ ತುಂಬಿಕೊಂಡಿರುವುದು ಜಿಲೇಬಿ, ಅಂದರೆ ತಿಲಾಪಿಯಾ ಮೀನು.

ಸಾಮಾನು ಇಷ್ಟೇ: ಹನ್ನೆರಡು ಅಡಿ ಬಿದಿರು ಕೋಲು, 0.25 ಮಿ.ಮೀ. ತಂಗೂಸಿ (ನೈಲಾನ್) ದಾರ, 8ನೇ ನಂಬರಿನ ಗಾಳ, ಜೋಳದ ದಂಟಿನ ಬೆಂಡು (ನೀರ ಮೇಲೆ ತೇಲುತ್ತಾ ಗಾಳ ಎಷ್ಟು ಆಳಕ್ಕೆ ಇಳಿಯಬೇಕೋ ಅಲ್ಲಿ ಹಿಡಿಯುವುದು), ಚಿಕ್ಕ ಸೀಸದ ಗುಂಡುಗಳು. ಹೊಸಬರಿಗೆ ಒಂದು ಮಾತು: ಗಾಳದ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು. ಅಂಗಡಿಯಲ್ಲಿ ಇದನ್ನು ತಿಳಿಯದೆ ಎಷ್ಟೋ ಜನ ಉಲ್ಟಾ ತರುತ್ತಾರೆ.

ಮಾರ್ಚ್, ಮೊದಲ ವಾರ

ಮೂರು ಭಾನುವಾರ ಕೂತರೂ ಅಂಗೈಯಗಲದ ಜಿಲೇಬಿ ಬಿಟ್ಟರೆ ಏನೂ ಇಲ್ಲ. ಎರೆಹುಳು ಆಯಿತು, ರಾಗಿ ಮುದ್ದೆ ಆಯಿತು, ಮುದ್ದೆಗೆ ಇಂಗು ಹಾಕಿದ್ದೂ ಆಯಿತು.

ಏರಿ ಮೇಲೆ ಎಮ್ಮೆ ಮೇಯಿಸುತ್ತಿದ್ದ ತಾತ ಒಬ್ಬರು ತುಂಬಾ ಹೊತ್ತು ನೋಡಿ, "ಮೀನಿನ ಬಾಯಿ ಯಾವ ಕಡೆ ತಿರುಗಿದೆ ಅಂತ ನೋಡಿದ್ದೀಯೇನಪ್ಪಾ? ನೀನು ಎಲ್ಲಾದಕ್ಕೂ ಒಂದೇ ಮಟ್ಟಕ್ಕೆ ನೇತಾಕಿದ್ದೀಯ ಕಣಪ್ಪ" ಅಂದರು.

ಮರುದಿನ ಬಲೆ ಎಳೆಯುವಾಗ ಹೋಗಿ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದೆ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್‌ನ ಬಾಯಿ ಕೆಳಕ್ಕೆ, ತಳದ ಕೆಸರೇ ಅದರ ತಟ್ಟೆ. ಗೆಂಡೆಗೆ ಬಾಯಿಯ ಪಕ್ಕ ಎರಡು ಜೊತೆ ಮೀಸೆ, ಅದೂ ತಳ ಕೆದಕುವ ಮೀನೇ. ನಾನು ಮೂರು ವಾರ ಮೇವು ಬದಲಿಸುತ್ತಾ ಇದ್ದೆ, ಬೆಂಡನ್ನು ಒಂದು ಗೇಣೂ ಜರುಗಿಸಿರಲಿಲ್ಲ.

ಮಾರ್ಚ್, ಕೊನೆಯ ವಾರ

ಈಗ ಕೂತ ಕೂಡಲೇ ಮೊದಲು ಆಳ ಅಳೆಯುತ್ತೇನೆ. ಗಾಳಕ್ಕೆ ದಪ್ಪ ಸೀಸ ಸಿಕ್ಕಿಸಿ ಹಾಕಬೇಕು. ಬೆಂಡು ಮುಳುಗಿದರೆ ನೀರು ಇನ್ನೂ ಆಳ, ಬೆಂಡನ್ನು ಮೇಲಕ್ಕೆ ಸರಿಸಿ. ಅಡ್ಡ ಮಲಗಿದರೆ ದಾರ ಹೆಚ್ಚಾಯಿತು, ಕೆಳಕ್ಕೆ ಸರಿಸಿ. ತುದಿ ಮಾತ್ರ ಕಂಡರೆ ಅದೇ ಅಳತೆ. ಐದು ನಿಮಿಷದ ಕೆಲಸ. ಹೀಗೆ ಅಳೆದು ತಳಕ್ಕೆ ಹಾಕಿದ ಮೊದಲ ದಿನವೇ ಮುಕ್ಕಾಲು ಕೆ.ಜಿ. ಮೃಗಾಲ್ ಬಂತು. ಆ ಸಂತೋಷಕ್ಕೆ ಅವತ್ತು ಊಟವೂ ಬೇಕಾಗಲಿಲ್ಲ.

ಏಪ್ರಿಲ್

ಬೇಸಿಗೆಯಲ್ಲಿ ನಸುಕಿನಲ್ಲೇ ಹೋಗಬೇಕು ಅನ್ನುವುದು ಎಲ್ಲರ ಮಾತು. ನನ್ನ ನೋಟ್‌ಬುಕ್ಕಿನಲ್ಲಿ ಐದೂವರೆಯಿಂದ ಏಳರವರೆಗೆ ಬರೀ ಖಾಲಿ ಗೆರೆ, ಎಂಟರ ಮೇಲೆ ಕಡಿತ. ಹಸಿರುಗಟ್ಟಿದ ಕೆರೆಯಲ್ಲಿ ಪಾಚಿಯೂ ರಾತ್ರಿಯೆಲ್ಲ ಉಸಿರಾಡಿ ನೀರಿನ ಆಮ್ಲಜನಕ ತಿನ್ನುತ್ತದೆ, ಬೆಳಗಿನ ಜಾವಕ್ಕೆ ಅದು ತೀರಾ ಕಮ್ಮಿ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಅದು ಮೇಯುತ್ತಿಲ್ಲ, ಉಸಿರಿಗೆ ಒದ್ದಾಡುತ್ತಿದೆ. ಬಿಸಿಲು ಬಿದ್ದು ಗಾಳಿ ಬೀಸಿ ನೀರು ಅಲುಗಿದ ಮೇಲೆ ಗಾಳ ಬಿಡಿ. ಗಾಳಿ ಯಾವ ದಡಕ್ಕೆ ಹೊಡೆಯುತ್ತದೋ ಆ ದಡವನ್ನೂ ಒಮ್ಮೆ ನೋಡಿ.

ಮೇ

ಈ ತಿಂಗಳೆಲ್ಲ ಗೆಂಡೆಯ ಹಿಂದೆಯೇ. ಇದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಮೇವನ್ನು ಹೀರಿ, ರುಚಿ ನೋಡಿ, ಇಷ್ಟವಾಗದಿದ್ದರೆ ಉಗಿಯುತ್ತದೆ. ಅದಕ್ಕೇ ಮುದ್ದೆ ಗಟ್ಟಿಯಾಗಿರಬೇಕು, ಆದರೆ ಕಲ್ಲಾಗಬಾರದು. ನಾನು ಮಾಡುವುದು ಹೀಗೆ: ಎರಡು ಪಾಲು ರಾಗಿ ಹಿಟ್ಟು, ಒಂದು ಪಾಲು ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಮುದ್ದೆಯ ಹಾಗೆ ಬೇಯಿಸಿ ಬಿಸಿಯಲ್ಲೇ ಚೆನ್ನಾಗಿ ನಾದುವುದು. ಮೀನನ್ನು ಹತ್ತಿರ ಸೆಳೆಯಲು ನೀರಿಗೆ ಎರಚುವುದಕ್ಕೆ ಹಿಂಡಿ, ತೌಡು ಕಲಸಿದ ಉಂಡೆ, ಒಂದೇ ಜಾಗಕ್ಕೆ, ಸ್ವಲ್ಪ ಸ್ವಲ್ಪ. ಹೊಟ್ಟೆ ತುಂಬಿಸಿಬಿಟ್ಟರೆ ಗಾಳದ ಮುದ್ದೆಯ ಕಡೆ ಅದು ಯಾಕೆ ಬಂದೀತು?

ಅನುಭವ ಇದ್ದವರೂ ತಪ್ಪುವುದು ಇಲ್ಲಿ: ಬೆಂಡು ಮುಳುಗಲಿ ಅಂತ ಕಾಯುತ್ತಾರೆ. ಗಾಳದಿಂದ ಎರಡು ಇಂಚು ಮೇಲೆ ಒಂದು ಗುಂಡು ತಳದಲ್ಲಿ ಕೂರುವಂತೆ ಕಟ್ಟಿ ನೋಡಿ. ಗೆಂಡೆ ಮೇವನ್ನು ಎತ್ತಿದಾಗ ಸೀಸದ ಭಾರ ಬಿಟ್ಟುಹೋಗಿ ಬೆಂಡು ಮೇಲೆದ್ದು ಮಲಗುತ್ತದೆ. ಆಗಲೇ ಎಳೆಯಬೇಕು.

ಹದಿನೆಂಟನೇ ತಾರೀಖು ದೊಡ್ಡದೊಂದು ಸಿಕ್ಕಿ, ದಡದ ಹತ್ತಿರ ಬಂದು ಕಿತ್ತುಕೊಂಡು ಹೋಯಿತು. ದಾರ ಕಡಿದಿದ್ದು ಸರಿಯಾಗಿ ಗಂಟಿನಲ್ಲಿ. ಒಣಗಿದ ದಾರವನ್ನೇ ಬಿಗಿದಿದ್ದೆ, ಉಜ್ಜಿದ ಬಿಸಿಗೆ ನೈಲಾನ್ ಸೋತಿತ್ತು. ಬಾಯಲ್ಲಿ ಗಾಳ ಹೊತ್ತು ಹೋದ ಮೀನನ್ನು ನೆನೆದರೆ ಈಗಲೂ ಸಂಕಟ. ಅಂದಿನಿಂದ ಪ್ರತಿ ಗಂಟನ್ನೂ ಎಂಜಲು ಹಚ್ಚಿ, ನಿಧಾನ ಬಿಗಿದು, ಎಳೆದು ನೋಡಿಯೇ ನೀರಿಗೆ ಬಿಡುತ್ತೇನೆ.

ಜೂನ್, ಎರಡನೇ ವಾರ

ಎರಡು ಒಳ್ಳೆಯ ಮಳೆ. ದಡದ ಜೊಂಡಿನಲ್ಲಿ ಗೆಂಡೆಗಳು ಹೊರಳಾಡುವ ಸದ್ದು. ಇದು ನಿಂತ ನೀರಿನಲ್ಲೇ ಮೊಟ್ಟೆ ಇಡುವ ಮೀನು, ಮೊಟ್ಟೆ ಗಿಡಕ್ಕೆ ಅಂಟಿಕೊಳ್ಳುತ್ತದೆ. ಕಾಟ್ಲಾ, ರೋಹುಗಳಿಗಾದರೆ ಹರಿಯುವ ಹೊಸನೀರು ಬೇಕು. ಜೊಂಡಿನ ಕಡೆ ಕೋಲು ಹಾಕುವುದನ್ನು ನಿಲ್ಲಿಸಿದ್ದೇನೆ. ನಿನ್ನೆ ಏರಿಯ ಆಳದಲ್ಲಿ ಸಿಕ್ಕ ಎರಡು ಕೆ.ಜಿ. ಗೆಂಡೆಯ ಹೊಟ್ಟೆ ಉಬ್ಬಿತ್ತು. ಕೈ ಒದ್ದೆ ಮಾಡಿಕೊಂಡು, ಮೈಯ ಲೋಳೆ ಕೀಳದಂತೆ ಹಿಡಿದು, ನೀರಿನಲ್ಲೇ ಗಾಳ ಬಿಡಿಸಿ ಕಳಿಸಿದೆ. ಆಗಸ್ಟ್‌ವರೆಗೆ ಜಿಲೇಬಿ ಮಾತ್ರ, ಅದೂ ಸಾರಿಗೆ ಬೇಕಾದಷ್ಟು.