ಮಳೆ, ಕರೆಂಟು, ಗಾಮಾ ಮ್ಯಾಟ್ರಿಕ್ಸ್

ಮೂಡಿಗೆರೆಯಲ್ಲಿ ಮೂರು ದಿನದಿಂದ ಬಿಡದೆ ಮಳೆ. ತೋಟಕ್ಕೆ ಇಳಿಯುವ ಹಾಗಿಲ್ಲ. ಸುಮ್ನೆ ಯಾಕೆ ಕೂರೋದು ಅಂತ ಹಳೇ ಲ್ಯಾಪ್‌ಟಾಪ್‌ಗೆ ಫಾರ್ಮ್ ಹಾಕಿಕೊಂಡೆ. ತಾಲ್ಲೂಕು ಕಚೇರಿಯ ಅರ್ಜಿ ಫಾರ್ಮ್ ಅಲ್ಲ ಮಾರಾಯ್ರೆ, ನೆದರ್ಲೆಂಡ್ಸ್‌ನ ಯೋಸ್ ವರ್ಮಾಸೆರೆನ್ ಶುರು ಮಾಡಿದ, ಕಣ ಭೌತಶಾಸ್ತ್ರದ ಉದ್ದುದ್ದ ಬೀಜಗಣಿತ ಮಾಡುವ ಸಾಫ್ಟ್‌ವೇರ್. ಪುಕ್ಕಟೆ, ಸೋರ್ಸ್ ಕೋಡೂ ಎಲ್ಲರಿಗೂ ತೆರೆದಿದೆ.

ಎಂಎಸ್ಸಿಯಲ್ಲಿ ಎಲೆಕ್ಟ್ರಾನ್‌ಗೆ ಫೋಟಾನ್ ಬಡಿಯುವ ಕಾಂಪ್ಟನ್ ಲೆಕ್ಕವನ್ನು ಕೈಯಲ್ಲೇ ಮಾಡಿದ್ದೆ. ಅದರಲ್ಲಿ ಗಾಮಾ ಮ್ಯಾಟ್ರಿಕ್ಸ್ ಅನ್ನೋ, ಎಲೆಕ್ಟ್ರಾನ್‌ನ ಸಮೀಕರಣದಲ್ಲಿ ಬರುವ ಸಂಖ್ಯೆಗಳ ಚೌಕಗಳನ್ನು ಗುಣಿಸಿ, ಟ್ರೇಸ್ ಅಂದರೆ ಕರ್ಣದ ಮೇಲಿನ ಸಂಖ್ಯೆಗಳ ಮೊತ್ತ ತೆಗೀಬೇಕು. ನಾಲ್ಕು ಮ್ಯಾಟ್ರಿಕ್ಸ್‌ಗಳ ಟ್ರೇಸ್ ಬಿಡಿಸಿದರೆ 3 ಪದ, ಆರಕ್ಕೆ 15, ಎಂಟಕ್ಕೆ 105! ಎಲ್ಲೋ ಒಂದು ಮೈನಸ್ ಬಿಟ್ಟುಹೋಗಿ ಎರಡು ರಾತ್ರಿ ನಿದ್ದೆ ಹಾಳಾಗಿತ್ತು. ಇವತ್ತು ಹತ್ತಿಪ್ಪತ್ತು ಸಾಲು ಬರೆದು ಎಂಟರ್ ಒತ್ತಿದೆ, ಕಾಫಿ ಲೋಟ ಕೈಗೆ ತಗೊಳ್ಳೋದರೊಳಗೆ ಉತ್ತರ ಬಂದಿತ್ತು. ಇದೇ ಲೆಕ್ಕದ ಉತ್ತರವಾದ 1929ರ ಕ್ಲೈನ್–ನಿಶಿನಾ ಸೂತ್ರಕ್ಕೆ ತಾಳೆ ನೋಡಿದೆ, ಒಂದು ತಪ್ಪು ತಿದ್ದಿದ ಮೇಲೆ ಸರಿಯಾಗಿ ಕೂತಿತು.

ಖುಷಿ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಅಮ್ಮ ಇಣುಕಿ ನೋಡಿ, "ಅವತ್ತು ಊಟ ಬಿಟ್ಟು ಕೂತಿದ್ದು ಇದಕ್ಕೇನಾ?" ಅಂದರು. ಹೌದು ಅನ್ನೋಕೆ ನಾಚಿಕೆಯಾಯಿತು. ಆದರೆ ಕೈಯಲ್ಲಿ ಮಾಡಿ ಸೋತಿದ್ದಕ್ಕೇ ಅಲ್ವಾ, ಇವತ್ತು ಮೊದಲ ಪ್ರಯತ್ನದಲ್ಲಿ ನಾನೇ ಒಂದು ನಿಯಮ ತಪ್ಪಾಗಿ ಬರೆದಿದ್ದಾಗ ಉತ್ತರ ನೋಡಿದ ತಕ್ಷಣ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿದ್ದು. ಫಾರ್ಮ್ ಮಾತ್ರ ಆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಲೆಕ್ಕ ಮಾಡಿ ಕೊಟ್ಟಿತ್ತು.

ಕಂಪ್ಯೂಟರ್‌ನ ಮೆಮೊರಿಯಲ್ಲಿ ಜಾಗ ಸಾಲದಿದ್ದರೆ ಫಾರ್ಮ್ ಡಿಸ್ಕ್ ಬಳಸಿಕೊಂಡು ಮುಂದುವರಿಯುತ್ತದಂತೆ, ದೊಡ್ಡ ಲೆಕ್ಕ ಕೊಟ್ಟು ನೋಡಬೇಕು. ಸದ್ಯಕ್ಕೆ ಕರೆಂಟಿಲ್ಲ, ಬ್ಯಾಟರಿ 14 ಪರ್ಸೆಂಟ್.